ಮೆಣಸೆಗೆ ಬಂದವರು ಒಂದು ದಿನ ಉಳಿಯಿರಿ

ಮೆಣಸೆಯ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆ ತಾಯಿ, ಪಕ್ಕದ ಶೃಂಗೇರಿಯಲ್ಲಿ ಶಾರದೆಗೆ ಕೈಮುಗಿದು ಸಂಜೆಯ ಬಸ್ಸು ಹತ್ತಿಬಿಡುವುದುಂಟು. ಒಂದು ದಿನ ಉಳಿದರೆ ನೋಡಲು ಬೇಕಾದಷ್ಟಿದೆ.

ಬೆಳಿಗ್ಗೆಯೇ ವಿದ್ಯಾಶಂಕರ ದೇಗುಲಕ್ಕೆ ಹೋಗಿ. 14ನೇ ಶತಮಾನದ ಈ ಗುಡಿಯ 12 ಕಂಬಗಳಲ್ಲಿ 12 ರಾಶಿಗಳಿವೆ. ಸೂರ್ಯನಿರುವ ರಾಶಿಯ ಕಂಬಕ್ಕೇ ಎಳೆಬಿಸಿಲು ಬೀಳುತ್ತದೆಂಬುದು ಪ್ರತೀತಿ. ನಿಮ್ಮ ರಾಶಿಯ ಕಂಬ ಯಾವುದು, ಹುಡುಕಿ. ಪಕ್ಕದಲ್ಲೇ ತುಂಗೆ. ಮೆಟ್ಟಿಲ ಬಳಿ ಮುತ್ತುವ ಮೀನುಗಳನ್ನು ಇಲ್ಲಿ ಯಾರೂ ಹಿಡಿಯುವಂತಿಲ್ಲ. ಪ್ರಸವವೇದನೆಯ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳಾದ ಕತೆ ಹೇಳುವ ಕಪ್ಪೆ ಶಂಕರವೂ ನದಿಯ ದಡದಲ್ಲೇ ಇದೆ.

ಮಠದಲ್ಲಿ ಊಟ ಮುಗಿಸಿ, ಸುಮಾರು 10 ಕಿ.ಮೀ. ದೂರದ ಕಿಗ್ಗಕ್ಕೆ ಹೊರಡಿ. ಮಳೆ ಬರಲೆಂದೂ, ಅತಿಯಾದರೆ ನಿಲ್ಲಲೆಂದೂ ಮಲೆನಾಡಿಗರು ಹರಕೆ ಹೊರುವ ಋಷ್ಯಶೃಂಗೇಶ್ವರ ಇಲ್ಲಿದ್ದಾನೆ. ಮುಂದೆ ಐದಾರು ಕಿ.ಮೀ. ಸಾಗಿದರೆ ಸಿರಿಮನೆ ಜಲಪಾತ.

ಒಂದು ಮಾತು: ಮಳೆಗಾಲದಲ್ಲಿ ಜಲಪಾತದ ಬಂಡೆ ಜಾರುತ್ತದೆ, ತುಂಗೆ ನೋಡನೋಡುತ್ತಲೇ ಏರುತ್ತಾಳೆ. ನೀವು ನಾಳೆ ಊರಿಗೆ ಮರಳುತ್ತೀರಿ. ಮಕ್ಕಳು ವರ್ಷಗಟ್ಟಲೆ ಈ ನದಿಯ ಪಕ್ಕದಲ್ಲೇ ಇರುವವರು. ನೀರಿನ ಚೆಲುವಿನ ಜತೆ ಅದರ ಸೆಳೆತವನ್ನೂ ನೀವೇ ನಿಂತು ತೋರಿಸಿ ಹೋಗಿ.