ಎಂಜಿನು ಉಸಿರಾಡುವ ಗಾಳಿ

ಮೋಟಾರು ಕಾರು ಪೆಟ್ರೋಲಿನಿಂದ ಓಡುತ್ತದೆಂದು ಹೇಳುವುದು ವಾಡಿಕೆ. ತೂಕ ಹಾಕಿ ನೋಡಿದರೆ ಅದರ ಮುಖ್ಯ ಆಹಾರ ಗಾಳಿಯೇ. 1 ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, 1 ಲೀಟರು ಪೆಟ್ರೋಲಿಗೆ ಹೆಚ್ಚುಕಡಿಮೆ 10,000 ಲೀಟರು ಗಾಳಿ.

ಈ ಗಾಳಿ ತಂಪಾಗಿದ್ದರೆ ಎಂಜಿನಿನ ಬಲ ಹೆಚ್ಚುತ್ತದೆಂದು ಕೇಳಿ ಮನೆಯಲ್ಲಿಯೇ ಕೊಳವೆ ಜೋಡಿಸಿಕೊಳ್ಳುವ ತರುಣರಿದ್ದಾರೆ. ಕೇಳಿದ್ದು ನಿಜವೇ, ಎಷ್ಟು ನಿಜವೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಸಿಲಿಂಡರು ಒಳಗೆಳೆದುಕೊಳ್ಳುವ ಗಾಳಿಯ ಗಾತ್ರಕ್ಕೆ ಮಿತಿಯುಂಟು. ಆದರೆ ಎಷ್ಟು ಪೆಟ್ರೋಲು ಉರಿಯಬಲ್ಲದೆಂಬುದು ಆ ಗಾತ್ರದಲ್ಲಿ ಅಡಗಿರುವ ಆಮ್ಲಜನಕದ ತೂಕವನ್ನು ಅವಲಂಬಿಸಿದೆ. ಒತ್ತಡ ಬದಲಾಗದಿರುವಾಗ ಗಾಳಿಯ ಸಾಂದ್ರತೆಯು ನಿರಪೇಕ್ಷ ಉಷ್ಣಮಾನಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಬೇಸಗೆಯ ಮಧ್ಯಾಹ್ನ ಸವಣೂರಿನಲ್ಲಿ ಹೊರಗಾಳಿ 35 ಡಿಗ್ರಿ, ಬಾನೆಟ್ಟಿನೊಳಗಿನ ಗಾಳಿ 65 ಡಿಗ್ರಿ ಸೆಲ್ಸಿಯಸ್ ಇದೆಯೆಂದು ಹಿಡಿಯೋಣ. 273 ಕೂಡಿಸಿದರೆ 308 ಮತ್ತು 338. ಒಳಗಿನ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಕಡಿಮೆ. ಎಂಜಿನಿನ ಗರಿಷ್ಠ ಬಲವೂ ಸರಿಸುಮಾರು ಅಷ್ಟೇ ಕುಗ್ಗುತ್ತದೆ. (ಹಾನಗಲ್ಲಿನಿಂದ ಶಿರಸಿಯ ಮೇಲೆ ಘಟ್ಟವಿಳಿದು ಕುಮಟೆಗೆ ಹೋದರೆ, ಒತ್ತಡ ಹೆಚ್ಚುವ ಕಾರಣ, ಯಾವ ಕೊಳವೆಯ ಖರ್ಚೂ ಇಲ್ಲದೆ ಶೇಕಡಾ 6ರಷ್ಟು ಸಾಂದ್ರತೆ ದೊರೆಯುತ್ತದೆ!)

ಆದರೆ ಬಹುಪಾಲು ಕಾರುಗಳನ್ನು ತಯಾರಿಸುವವರೇ ಗಾಳಿಯ ಬಾಯನ್ನು ಮುಂದೀಪದ ಪಕ್ಕದಲ್ಲೋ ಮುಂದಿನ ಜಾಲರಿಯ ಹಿಂದೆಯೋ ಇಟ್ಟಿರುತ್ತಾರೆ. ಅದನ್ನು ಕಿತ್ತು, ಬಾನೆಟ್ಟಿನೊಳಗೆ ತೆರೆದ ಶೋಧಕವನ್ನು ಕೂರಿಸಿದರೆ ಎಂಜಿನಿಗೆ ಬಿಸಿಗಾಳಿಯನ್ನೇ ಉಣಿಸಿದಂತಾಯಿತು. ಸದ್ದು ಮಾತ್ರ ಹೆಚ್ಚುವುದರಿಂದ ಬಲವೂ ಹೆಚ್ಚಿತೆಂಬ ಭ್ರಮೆ ಹುಟ್ಟುತ್ತದೆ. ಇನ್ನೊಂದು ಮಾತು: ನಿಧಾನವಾಗಿ ಓಡಿಸುವಾಗ ಥ್ರಾಟಲಿನ ಬಾಗಿಲು ಅರೆಮುಚ್ಚಿರುತ್ತದೆ, ಎಂಜಿನಿಗೆ ಗಾಳಿಯನ್ನು ನಾವೇ ಕಡಿಮೆ ಮಾಡಿರುತ್ತೇವೆ. ಶಿಗ್ಗಾವಿಯ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಮಾತ್ರ ತಂಪು ಗಾಳಿಯ ಪ್ರಯೋಜನ ತಿಳಿದೀತು; ಪೆಟ್ರೋಲಿನ ಉಳಿತಾಯವಾಗದು.

ಕೊಳವೆ ಯಾವ ಲೋಹದ್ದೆಂಬ ಚರ್ಚೆಗೆ ಅಷ್ಟು ಅರ್ಥವಿಲ್ಲ. 1000 ಘನ ಸೆಂಟಿಮೀಟರಿನ ನಾಲ್ಕು ಹೊಡೆತದ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ಹೆಚ್ಚೆಂದರೆ 25 ಲೀಟರು ಗಾಳಿ ಎಳೆಯುತ್ತದೆ. 6 ಸೆಂಟಿಮೀಟರು ವ್ಯಾಸದ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರು. ಅರ್ಧ ಮೀಟರು ಉದ್ದವನ್ನು ದಾಟಲು ಸೆಕೆಂಡಿನ ಹದಿನೆಂಟನೆಯ ಒಂದು ಪಾಲು ಸಾಕು. ಅಷ್ಟರಲ್ಲಿ ಗಾಳಿ ಹೆಚ್ಚು ಕಾಯಲಾರದು. ಆದ್ದರಿಂದ ಮುಖ್ಯವಾದುದು ಬಾಯಿ ಎಲ್ಲಿದೆಯೆಂಬುದು. ನೀರಿನ ಪಿವಿಸಿ ಕೊಳವೆಯನ್ನು ಮಾತ್ರ ಹೊಗೆಕೊಳವೆಯ ಹತ್ತಿರ ತರಬಾರದು. 80 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ.

ತಂಪು ಗಾಳಿಗಾಗಿ ಬಾಯನ್ನು ಬಂಪರಿನ ಕೆಳಗೆ ಇಳಿಸುವುದು ಅಪಾಯಕರ. ಮಳೆಗಾಲದಲ್ಲಿ ಹಾನಗಲ್ಲಿನ ಗದ್ದೆಬಯಲಿನ ರಸ್ತೆಗಳಲ್ಲಿ ನಿಂತ ನೀರನ್ನು ಆ ಬಾಯಿ ಹೀರಿತೆಂದರೆ ಪಿಸ್ಟನ್ನು ಗಾಳಿಯ ಬದಲು ನೀರನ್ನು ಒತ್ತಬೇಕಾಗುತ್ತದೆ. ನೀರು ಅದುಮಿದರೆ ಕುಗ್ಗುವ ವಸ್ತುವಲ್ಲ. ಕನೆಕ್ಟಿಂಗ್ ರಾಡು ಬಾಗುತ್ತದೆ, ಎಂಜಿನು ಕೆಡುತ್ತದೆ. ಬೇಸಗೆಯಲ್ಲಿ ಧೂಳಿನ ಕಾಟ: ಮಣ್ಣಿನ ಸ್ಫಟಿಕಶಿಲೆಯ ಕಣಗಳು ಎರಕದ ಕಬ್ಬಿಣಕ್ಕಿಂತ ಗಟ್ಟಿ, ಶೋಧಕವಿಲ್ಲದಿದ್ದರೆ ಸಿಲಿಂಡರಿನ ಗೋಡೆಯನ್ನು ಅರದಂತೆ ಉಜ್ಜುತ್ತವೆ.

ಇದಕ್ಕೆ ಮಾದರಿ ಬೇಕಾದರೆ ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ ಟ್ರಾಕ್ಟರನ್ನು ನೋಡಬಹುದು. ಎಷ್ಟೋ ಟ್ರಾಕ್ಟರುಗಳಲ್ಲಿ ಬಾನೆಟ್ಟಿನ ಮೇಲೆ ಅಣಬೆಯಂಥ ತಲೆಯ ಕೊಳವೆ ಎದ್ದು ನಿಂತಿರುತ್ತದೆ. ಅಲ್ಲಿ ಗಾಳಿಯೂ ತಂಪು, ಧೂಳೂ ಕಡಿಮೆ. ಒಳಗೆ ಎಣ್ಣೆಯ ಬಟ್ಟಲೋ ಕಾಗದದ ಶೋಧಕವೋ ಉಳಿದ ಧೂಳನ್ನು ಹಿಡಿಯುತ್ತದೆ.

ಕಾರಿನ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ನಿರ್ಬಂಧವಿದೆಯೆಂಬುದನ್ನೂ ತಿಳಿದಿರಬೇಕು. ಗರಗಸ ಹಿಡಿಯುವ ಮೊದಲು ಒಂದು ತಾಪಮಾಪಕದ ತುದಿಯನ್ನು ಶೋಧಕದ ಪೆಟ್ಟಿಗೆಯಲ್ಲಿಟ್ಟು, ಕಾರು ಓಡುತ್ತಿರುವಾಗ ಜೊತೆಗಿರುವವರು ಓದಿಕೊಳ್ಳಲಿ. ಹೊರಗಾಳಿಗೂ ಅದಕ್ಕೂ 5 ಡಿಗ್ರಿ ಅಂತರವಷ್ಟೇ ಇದ್ದರೆ, ಹೊಸ ಕೊಳವೆಯಿಂದ ದೊರೆಯುವ ಲಾಭ ಶೇಕಡಾ 2ನ್ನೂ ಮುಟ್ಟುವುದಿಲ್ಲ.