ಸೂಚಿಪಾರದ ಹಾದಿಯಲ್ಲಿ

ಚೇಕಾಡಿ ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ವಯನಾಡು ಜಿಲ್ಲೆಯ ಪುಲ್ಪಳ್ಳಿಯ ಆಚೆ, ಕಾಡಿನ ನಡುವೆ ಹರಡಿಕೊಂಡ ಗದ್ದೆಬಯಲು ಅದು. 2016ರ ಡಿಸೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಹದಿನಾಲ್ಕು ಮಂದಿ ಯುವಕ ಯುವತಿಯರೊಡನೆ ನಾವು ಅಲ್ಲಿ ಒಂದು ರಾತ್ರಿ ತಂಗಿದೆವು. ಎಚ್.ಡಿ. ಕೋಟೆಯಿಂದ ಬಾವಲಿಗೆ ಹೋಗುವ ಕಾಡುರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚುವುದರಿಂದ ಮಧ್ಯಾಹ್ನವೇ ಗಡಿ ದಾಟಿದ್ದೆವು.

ನಮಗೆ ಆಶ್ರಯ ಕೊಟ್ಟ ಮನೆಯ ಹಿರಿಯರು ಹಲವು ವರ್ಷ ಕೋಟೆ ತಾಲ್ಲೂಕಿನಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದವರು. ಅವರ ಕನ್ನಡ ಕೇಳಿ ಹುಡುಗರು ಮುಸಿಮುಸಿ ನಕ್ಕರು. ನಮ್ಮ ಮಲಯಾಳಕ್ಕಿಂತ ಅದು ಎಷ್ಟೋ ಮೇಲಾಗಿತ್ತು! ರಾತ್ರಿ ಊಟಕ್ಕೆ ಗಂಧಕಶಾಲ ಅಕ್ಕಿಯ ಅನ್ನ. ಕಾಳು ಚಿಕ್ಕದು, ಪರಿಮಳ ಮನೆತುಂಬ. ಆ ಬೆಳೆಯನ್ನು ಆನೆಗಳಿಂದ ಕಾಯಲು ಗದ್ದೆಯಂಚಿನ ಅಟ್ಟಣೆಗಳಲ್ಲಿ ಜನ ರಾತ್ರಿಯಿಡೀ ಕೂಗು ಹಾಕುತ್ತಿದ್ದರು. ನಮ್ಮವರಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹಿರಿಯರು ತೋಡಿನ ನೀರನ್ನು ತೋರಿಸಿ, “ಅಚ್ಚಾ, ಇದೆಲ್ಲ ನಿಮ್ಮ ಕಡೆಗೇ ಬರುವುದು” ಎಂದರು. ನಿಜವೇ. ವಯನಾಡಿನ ಹೆಚ್ಚಿನ ನೀರು ಕಬಿನಿಯಾಗಿ ಪೂರ್ವಕ್ಕೆ ಹರಿದು, ಬೀಚನಹಳ್ಳಿಯ ಜಲಾಶಯ ತುಂಬಿ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಾವು ಅಂದು ನೋಡಲು ಹೊರಟಿದ್ದ ಜಲಪಾತದ ನೀರಾದರೋ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಧುಮುಕಿ, ಚಾಲಿಯಾರ್ ನದಿಯಾಗಿ ಬೇಪೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ.

ಸೂಚಿಪಾರ ಇರುವುದು ಜಿಲ್ಲೆಯ ದಕ್ಷಿಣದ ತುದಿಯಲ್ಲಿ. ಹಿರಿಯರೂ ನಮ್ಮೊಡನೆ ವ್ಯಾನು ಹತ್ತಿದರು. ಮೇಪ್ಪಾಡಿ ದಾಟಿದ ಮೇಲೆ ಎರಡೂ ಕಡೆ ಟೀ ತೋಟ. ಟಿಕೆಟ್ ಕೊಂಡು, ಕಾಡಿನೊಳಗೆ ಕಲ್ಲುಮೆಟ್ಟಿಲುಗಳನ್ನು ಇಳಿಯುತ್ತಾ ಹೋಗಬೇಕು. ಇಳಿಯುವುದು ಸುಲಭ, ನಮ್ಮ ಪ್ರಾಯದವರಿಗೆ ಹಿಂದಿರುಗಿ ಹತ್ತುವುದೇ ತಪಸ್ಸು. ಸೂಚಿ ಎಂದರೆ ಸೂಜಿ, ಪಾರ ಎಂದರೆ ಬಂಡೆ. ಚೂಪಾದ ಬಂಡೆಯ ಪಕ್ಕದಲ್ಲಿ ಮೂರು ಹಂತಗಳಾಗಿ ನೀರು ಬೀಳುವುದನ್ನು ಕಂಡಾಗ ಯಾರಿಗೂ ಮಾತು ಹೊರಡಲಿಲ್ಲ.

ಸ್ವಲ್ಪ ಹೊತ್ತಷ್ಟೇ. ಮೂವರು ಹುಡುಗರು ಮೇಲಿನ ಹಂತಕ್ಕೆ ಹತ್ತತೊಡಗಿದರು. ಕಾವಲಿನವನು ಸೀಟಿ ಊದಿದ. “ನೀರು ಇಷ್ಟೇ ಇದೆಯಲ್ಲ ಫಾದರ್” ಎಂದು ಒಬ್ಬ ವಾದಕ್ಕಿಳಿದಾಗ, ನಮಗೂ ಹೌದೆನಿಸಿತ್ತು ಎಂದು ಒಪ್ಪಿಕೊಳ್ಳಬೇಕು. ಹಿರಿಯರು ಮಾತ್ರ ಮಲೆಯ ಕಡೆ ಕೈ ತೋರಿಸಿ, “ಇಲ್ಲಿಯ ನೀರನ್ನು ನೋಡಬೇಡ ಮೋನೇ, ಅಲ್ಲಿಯ ಮೋಡವನ್ನು ನೋಡು” ಎಂದರು.

ಹಿಂದಿರುಗುವಾಗ ಚೂರಲ್‌ಮಲ ಪೇಟೆಯಲ್ಲಿ ಟೀ ಕುಡಿದೆವು. ಪಕ್ಕದ ಬೆಂಚಿನಲ್ಲಿದ್ದ ತೋಟದ ಕೆಲಸದ ಹೆಂಗಸೊಬ್ಬರು ನಮ್ಮ ಮಾತು ಕೇಳಿ, “ಯಾವೂರು ಸ್ವಾಮಿ? ನಮ್ದು ಚಾಮರಾಜನಗರದ ಕಡೆ” ಎಂದರು. ಹುಡುಗಿಯರೊಡನೆ ನಕ್ಕು ಮಾತನಾಡಿದರು. ನಾವು ಅವರ ಹೆಸರು ಕೇಳಲಿಲ್ಲ.

2019ರ ಆಗಸ್ಟಿನಲ್ಲಿ ಸಮೀಪದ ಪುತ್ತುಮಲದಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ, ಎರಡು ದಿನ ಎಡೆಬಿಡದೆ ಸುರಿದ ಮಳೆಯ ನಂತರ, ಪುಂಚಿರಿಮಟ್ಟದ ಮೇಲಿನ ಮಲೆಯೇ ಜಾರಿತು. ಮಣ್ಣು, ಬಂಡೆ, ಮರಗಳು ಹೊಳೆಯ ಜಾಡಿನಲ್ಲೇ ಇಳಿದು ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿಕೊಂಡು ಹೋದವು. ತೀರಿಕೊಂಡವರು ಇನ್ನೂರೈವತ್ತಕ್ಕೂ ಹೆಚ್ಚು. ಚಾಮರಾಜನಗರ, ಮಂಡ್ಯ ಮೂಲದವರೂ ಅವರಲ್ಲಿದ್ದರು. ನಾವು ಬೆರಗಾಗಿ ನಿಂತಿದ್ದ ಅದೇ ಜಲಪಾತದ ಹಾದಿಯಲ್ಲಿ ದೇಹಗಳು ಇಳಿದು, ಕೆಳಗೆ ನಿಲಂಬೂರಿನ ಚಾಲಿಯಾರ್ ದಂಡೆಯಲ್ಲಿ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಸರ್ವಧರ್ಮ ಪ್ರಾರ್ಥನೆಯೊಡನೆ ಮಣ್ಣು ಮಾಡಲಾಯಿತು.

ಅಂದು ವಾದ ಮಾಡಿದ್ದ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಆ ದಿನ ಫೋನ್ ಮಾಡಿ, “ಫಾದರ್, ಟೀ ಅಂಗಡಿಯ ಆ ಅಮ್ಮ?” ಎಂದಷ್ಟೇ ಕೇಳಿದ. ಹೆಸರೇ ಇಲ್ಲದೆ ಯಾರನ್ನು ವಿಚಾರಿಸುವುದು?

ಇಂದಿಗೂ ಪ್ರತಿ ಬೇಸಿಗೆಯಲ್ಲಿ ಯಾರಾದರೂ ಸೂಚಿಪಾರಕ್ಕೆ ದಾರಿ ಕೇಳುತ್ತಾರೆ. ಹೊರಡುವ ಮುನ್ನ ತಾಣ ತೆರೆದಿದೆಯೇ ಎಂದು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ, ಮಳೆಗಾಲದಲ್ಲಂತೂ ಬೇಡ ಎನ್ನುತ್ತೇವೆ. 2024ರ ಫೆಬ್ರವರಿಯಲ್ಲಿ ಕುರುವ ದ್ವೀಪದ ಕಾವಲುಗಾರರೊಬ್ಬರು ಕಾಡಾನೆಗೆ ಬಲಿಯಾದ ಮೇಲೆ ಇಂಥ ತಾಣಗಳನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ಸೀಟಿ ಊದಿದರೆ ಇಳಿದು ಬನ್ನಿ. ದಾರಿಯಲ್ಲಿ ಟೀ ಕೊಟ್ಟವರ, ಮಾತನಾಡಿಸಿದವರ ಹೆಸರು ಕೇಳಿಕೊಂಡು ಬನ್ನಿ.