ದಡಾರ ಬಂದುಹೋದರೆ ಮಗು ಗಟ್ಟಿಯಾಗುತ್ತದೆಯೇ?

‘ದಡಾರ ತಾನೇ, ಒಮ್ಮೆ ಬಂದುಹೋಗಲಿ, ಮಗು ಗಟ್ಟಿಯಾಗುತ್ತದೆ’ ಎನ್ನುವವರು ಹಳ್ಳಿಯಲ್ಲೂ ಇದ್ದಾರೆ, ನಗರದ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಇದ್ದಾರೆ. ಈ ಮಾತಿನಲ್ಲಿ ಒಂದು ಚೂರು ನಿಜವಿದೆ, ಅದಕ್ಕೇ ಅದು ಇಷ್ಟು ಕಾಲ ಬಾಳಿದೆ. ದಡಾರದಿಂದ ಚೇತರಿಸಿಕೊಂಡವರಿಗೆ ಸಾಮಾನ್ಯವಾಗಿ ಬದುಕಿರುವವರೆಗೆ ಮತ್ತೆ ದಡಾರ ಬರುವುದಿಲ್ಲ. ಆದರೆ ಈ ಒಂದು ರಕ್ಷಣೆಯನ್ನು ಪಡೆಯುವಾಗ ಮಗು ಬೇರೆ ಹತ್ತಾರು ರೋಗಗಳ ವಿರುದ್ಧ ಅಲ್ಲಿಯವರೆಗೆ ಗಳಿಸಿದ್ದ ರಕ್ಷಣೆಯ ದೊಡ್ಡ ಪಾಲನ್ನು ಕಳೆದುಕೊಳ್ಳಬಹುದು. ಇದು ತಂದೆತಾಯಿಯರಿಗೆ ತಲುಪಲೇಬೇಕಾದ ಸಂಗತಿ.

ಹುಟ್ಟಿದಾಗಿನಿಂದ ಎದುರಾದ ಒಂದೊಂದು ರೋಗಾಣುವಿನ ಗುರುತನ್ನೂ ದೇಹ ‘ನೆನಪಿನ ಕೋಶ’ಗಳಲ್ಲಿ ಇಟ್ಟುಕೊಳ್ಳುತ್ತದೆ. ಇವು ಬಿ ಮತ್ತು ಟಿ ಎಂಬ ಬಿಳಿ ರಕ್ತಕಣಗಳ ಗುಂಪಿಗೆ ಸೇರಿದವು. ಅದೇ ರೋಗಾಣು ಮತ್ತೆ ಬಂದರೆ ದೇಹ ಬೇಗ ತಯಾರಾಗುವುದು ಇವುಗಳಿಂದಲೇ. ದಡಾರದ ವೈರಸ್ ಒಳಹೊಗಲು ಬಳಸುವ ಬಾಗಿಲು ಸಿಡಿ150 ಎಂಬ ಪ್ರೋಟೀನು. ನೆನಪಿನ ಕೋಶಗಳ ಮೈಮೇಲೆ ಆ ಪ್ರೋಟೀನು ಹೇರಳವಾಗಿದೆ. ಉಸಿರಿನೊಂದಿಗೆ ಬಂದ ವೈರಸ್ಸನ್ನು ಶ್ವಾಸಕೋಶದ ಕಾವಲು ಕೋಶಗಳೇ ಹಿಡಿದು ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ನೆನಪಿನ ಕೋಶಗಳು ಕಿಕ್ಕಿರಿದಿರುವುದು ಅಲ್ಲಿಯೇ. ಮೈಮೇಲೆ ಮೊದಲ ಕೆಂಪು ದದ್ದು ಕಾಣುವ ಹೊತ್ತಿಗೆ, ಅಂದರೆ ಸೋಂಕು ತಗಲಿ ಸುಮಾರು ಎರಡು ವಾರದಲ್ಲಿ, ಒಳಗಿನ ನಷ್ಟ ಬಹುಪಾಲು ಆಗಿಹೋಗಿರುತ್ತದೆ.

‘ದದ್ದು ಚೆನ್ನಾಗಿ ಎದ್ದರೆ ವಿಷವೆಲ್ಲ ಹೊರಗೆ ಬಂದಂತೆ’

ಹೊರಗೆ ಬರುವುದು ವಿಷವಲ್ಲ. ಚರ್ಮದಲ್ಲಿ ಸೋಂಕು ತಗಲಿದ ಕೋಶಗಳ ಮೇಲೆ ಟಿ ಕೋಶಗಳು ದಾಳಿ ಮಾಡಿದಾಗ ಮೂಡುವ ಗುರುತು ಆ ದದ್ದು. ಟಿ ಕೋಶಗಳು ತೀರಾ ಸೋತ ಮಗುವಿಗೆ, ಉದಾಹರಣೆಗೆ ಎಚ್‌ಐವಿ ಇರುವ ಮಗುವಿಗೆ, ದದ್ದೇ ಏಳದೆ ದಡಾರ ಪ್ರಾಣಾಂತಿಕವಾಗಬಹುದು. ಹಾಗಾಗಿ ದದ್ದು ಕಡಿಮೆ ಎಂದು ಸಮಾಧಾನಪಡುವುದೂ, ಹೆಚ್ಚು ಏಳಲಿ ಎಂದು ಔಷಧಿ ಕೊಡದೆ ಕಾಯುವುದೂ ತಪ್ಪು. ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪು ಕಟ್ಟುವ ಮನೆಯವರ ಭಕ್ತಿಗೆ ವೈದ್ಯರನ್ನು ಕಾಣುವುದು ಅಡ್ಡಿಯಲ್ಲ. ಮಗುವಿಗೆ ಊಟ, ನೀರು ಬಿಡಿಸುವುದು ಮಾತ್ರ ಕೂಡದು.

‘ರಕ್ತಪರೀಕ್ಷೆ ನಾರ್ಮಲ್ ಬಂದಿದೆ, ಇನ್ನೇನು ಭಯವಿಲ್ಲ’

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವುದು ಇದು. ದಡಾರದಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಇಳಿಯುವುದು ನಿಜ. ಆದರೆ ದದ್ದು ಮಾಯುತ್ತಿದ್ದಂತೆ, ಒಂದೆರಡು ವಾರದಲ್ಲಿ ಅದು ಮತ್ತೆ ಏರುತ್ತದೆ, ವರದಿಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಹೊಸದಾಗಿ ಹುಟ್ಟಿದ ಕೋಶಗಳಲ್ಲಿ ಬಹಳಷ್ಟು ದಡಾರವನ್ನಷ್ಟೇ ಬಲ್ಲವು. ಹಿರಿಯರೆಲ್ಲ ತೀರಿಕೊಂಡ ಮನೆಯಲ್ಲಿ ಮಕ್ಕಳುಮರಿ ತುಂಬಿದ್ದರೂ ಹೊಲದ ಬದು ಎಲ್ಲಿತ್ತು ಎಂದು ಹೇಳುವವರು ಇರುವುದಿಲ್ಲವಲ್ಲ, ಹಾಗೆ. ಎಷ್ಟು ಕೋಶಗಳಿವೆ ಎಂದು ಲ್ಯಾಬಿನವರು ಎಣಿಸಬಲ್ಲರು; ಅವಕ್ಕೆ ಏನು ಗೊತ್ತಿದೆ ಎಂಬುದು ಆ ವರದಿಯಲ್ಲಿ ಬರುವುದಿಲ್ಲ.

ಇದರ ಸುಳಿವು ನೂರು ವರ್ಷಗಳ ಹಿಂದೆಯೇ ಸಿಕ್ಕಿತ್ತು. ಕ್ಷಯದ ಚರ್ಮಪರೀಕ್ಷೆಯಲ್ಲಿ ಪಾಸಿಟಿವ್ ಬರುತ್ತಿದ್ದ ಮಕ್ಕಳು ದಡಾರ ಬಂದಾಗ ನೆಗೆಟಿವ್ ಆಗುತ್ತಾರೆಂದು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲಿ ಬರೆದರು. ಆ ಮಕ್ಕಳ ದೇಹ ಕ್ಷಯದ ರೋಗಾಣುವನ್ನು ಗುರುತಿಸುವುದನ್ನೇ ಬಿಟ್ಟಿತ್ತು. 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಧಾರ್ಮಿಕ ಕಾರಣಕ್ಕೆ ಲಸಿಕೆ ಹಾಕಿಸದ ಸಮುದಾಯವೊಂದರಲ್ಲಿ ದಡಾರ ಹರಡಿತು. ಅಲ್ಲಿನ 77 ಮಕ್ಕಳ ರಕ್ತವನ್ನು ರೋಗಕ್ಕೆ ಮೊದಲೂ ಆಮೇಲೂ ಸಂಗ್ರಹಿಸಲಾಗಿತ್ತು. ನೂರಾರು ವೈರಸ್‌ಗಳ ವಿರುದ್ಧದ ಪ್ರತಿಕಾಯಗಳನ್ನು ಒಂದೇ ಹನಿ ರಕ್ತದಲ್ಲಿ ಹುಡುಕುವ ವಿಧಾನದಿಂದ ಹಾರ್ವರ್ಡ್‌ನ ತಂಡ ಅದನ್ನು ಪರೀಕ್ಷಿಸಿತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಕ್ಕಳು ಕಳೆದುಕೊಂಡ ಪ್ರತಿಕಾಯಗಳ ಪಾಲು ಶೇ. 11ರಿಂದ ಶೇ. 73ರವರೆಗೆ ಇತ್ತು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ. ಲಸಿಕೆಯಲ್ಲಿರುವುದೂ ಜೀವಂತ ವೈರಸ್ಸೇ, ಆದರೆ ಪಳಗಿಸಿ ದುರ್ಬಲಗೊಳಿಸಿದ್ದು. ಅದು ದಡಾರವನ್ನು ಕಲಿಸುತ್ತದೆ, ಹಳೆಯದನ್ನು ಅಳಿಸುವುದಿಲ್ಲ.

ಹೋದ ನೆನಪು ತಾನಾಗಿ ಮರಳದು. ಆ ರೋಗಾಣುಗಳನ್ನು ಮಗು ಒಂದೊಂದಾಗಿ ಮತ್ತೆ ಎದುರಿಸಬೇಕು, ಇಲ್ಲವೇ ಲಸಿಕೆಯ ಮೂಲಕ ಮತ್ತೆ ಪರಿಚಯಿಸಿಕೊಳ್ಳಬೇಕು. ಇಂಗ್ಲೆಂಡ್, ಡೆನ್ಮಾರ್ಕ್, ಅಮೆರಿಕದ ಹಳೆಯ ದಾಖಲೆಗಳನ್ನು 2015ರಲ್ಲಿ ಪರಿಶೀಲಿಸಿದವರಿಗೆ, ದಡಾರದ ನಂತರ ಎರಡು ಮೂರು ವರ್ಷ ಬೇರೆ ಸೋಂಕುಗಳಿಂದ ಮಕ್ಕಳು ಸಾಯುವ ಸಂಭವ ಹೆಚ್ಚಿರುವುದು ಕಂಡಿತು. ವರ್ಷ ಕಳೆದ ಮೇಲೆ ನ್ಯುಮೋನಿಯಾದಿಂದ ಮಗು ತೀರಿಕೊಂಡರೆ ಅದಕ್ಕೆ ದಡಾರ ಕಾರಣ ಎಂದು ಯಾರು ತಾನೆ ಬರೆಯುತ್ತಾರೆ? ದಡಾರದ ಲೆಕ್ಕಕ್ಕೆ ಸೇರಿದ ಸಾವುಗಳೇ 2023ರಲ್ಲಿ ಜಗತ್ತಿನಲ್ಲಿ ಸುಮಾರು 1,07,500 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

‘ಹಾಗಾದರೆ ಪ್ರತಿ ವೈರಲ್ ಜ್ವರವೂ ಹೀಗೆಯೇ?’

ಅಲ್ಲ. ನೆಗಡಿಯ ವೈರಸ್ ನೆನಪಿನ ಕೋಶಗಳನ್ನು ಹೀಗೆ ಅಳಿಸುವುದಿಲ್ಲ. ಎಚ್‌ಐವಿ ದಾಳಿ ಮಾಡುವುದು ಸಿಡಿ4 ಎಂಬ ಟಿ ಕೋಶಗಳ ಮೇಲೆ, ವರ್ಷಗಟ್ಟಲೆ, ಮೆಲ್ಲಮೆಲ್ಲಗೆ. ಒಂದು ವೈರಸ್ಸಿನ ಕಥೆಯನ್ನು ಇನ್ನೊಂದಕ್ಕೆ ಹೊಂದಿಸಿ ಹೆದರುವುದು ಬೇಡ.

‘ಕಷಾಯ ಕುಡಿಸಿದರೆ ಹೋದ ಶಕ್ತಿ ಬರುತ್ತದೆ’

ಅಳಿದುಹೋದ ನೆನಪನ್ನು ಕಷಾಯವೂ ತರದು, ಟಾನಿಕ್ಕೂ ತರದು. ದಡಾರ ಬಂದ ಮಗುವಿಗೆ ನಿಜವಾಗಿ ನೆರವಾಗುವುದು ವಿಟಮಿನ್ ಎ. ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಎರಡು ದಿನ, ದಿನಕ್ಕೊಂದರಂತೆ ವೈದ್ಯರು ಕೊಡುತ್ತಾರೆ. ಅದು ಕಣ್ಣು ಹೋಗುವ ಅಪಾಯವನ್ನೂ ಸಾವಿನ ಅಪಾಯವನ್ನೂ ತಗ್ಗಿಸುತ್ತದೆ. ನೆನಪಿನ ನಷ್ಟವನ್ನು ಮಾತ್ರ ಅದೂ ತುಂಬಿಕೊಡುವುದಿಲ್ಲ.

‘ಒಂಬತ್ತು ತಿಂಗಳಿಗೆ ಹಾಕಿಸಿದ್ದೇವೆ, ಸಾಕು’

ತಾಯಿಯಿಂದ ಬಂದ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಇನ್ನೂ ಸ್ವಲ್ಪ ಉಳಿದಿದ್ದು ಲಸಿಕೆಗೆ ಅಡ್ಡಬರುತ್ತವೆ. ಹಾಗಾಗಿ ಮೊದಲ ಡೋಸ್‌ನಿಂದ ರಕ್ಷಣೆ ಸಿಗುವುದು ನೂರರಲ್ಲಿ ಸುಮಾರು 85 ಮಕ್ಕಳಿಗೆ. ಉಳಿದವರಿಗಾಗಿಯೇ 16ರಿಂದ 24 ತಿಂಗಳ ನಡುವೆ ಎರಡನೆಯದು. ದಡಾರ–ರುಬೆಲ್ಲಾ ಲಸಿಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಎರಡನೆಯ ಡೋಸಿನ ಜಾಗ ಖಾಲಿಯಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ತಪ್ಪಿಹೋದ ಡೋಸನ್ನು ಐದು ವರ್ಷ ತುಂಬುವವರೆಗೂ ಹಾಕಿಸಬಹುದು.